ಮ್ಯೂರಿಯಲ್ ತಿದ್ದದೆ ಬಿಟ್ಟ ತಪ್ಪು

ಮ್ಯೂರಿಯಲ್ ಟ್ಯಾಪ್‌ಸ್ಕಾಟ್ ದನಿಯೆತ್ತಿ ಮಾತಾಡಿದ್ದನ್ನು ನಮ್ಮ ಚಿಡ್‌ಕಾಟ್ ಹಳ್ಳಿಯಲ್ಲಿ ಕೇಳಿದವರಿರಲಿಲ್ಲ. ಮೂವತ್ತೊಂದು ವರ್ಷ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತವಳು. ಯಾರ ಮನೆಗೆ ಯಾರ ಕಾಗದ ಬರುತ್ತದೆ, ಯಾರಿಗೆ ಬರುತ್ತಿದ್ದದ್ದು ನಿಂತುಹೋಯಿತು, ಎಲ್ಲ ಅವಳಿಗೆ ಗೊತ್ತಿತ್ತು. ಒಂದನ್ನೂ ಆಡಲಿಲ್ಲ. ನನ್ನ ತಂಗಿ ಎಂಟು ವರ್ಷ ನನಗೆ ಬರೆಯದೆ ಇದ್ದಳು. ಒಂಬತ್ತನೆಯ ವರ್ಷ ಅವಳ ಕಾಗದ ಬಂದಾಗ ಮ್ಯೂರಿಯಲ್ ಅದನ್ನು ಉಳಿದ ಕಾಗದಗಳ ನಡುವೆ ಸೇರಿಸದೆ ಎಲ್ಲಕ್ಕಿಂತ ಮೇಲಿಟ್ಟು ಕೊಟ್ಟಳು. "ಇವತ್ತು ಬಿಸಿಲು ಚೆನ್ನಾಗಿದೆ" ಅಂದಳು, ಅಷ್ಟೆ. ನಮ್ಮ ಸ್ನೇಹ ಶುರುವಾದದ್ದು ಆ ದಿನ.

ಕಚೇರಿ ಮುಚ್ಚಿದ ಮೇಲೆ ಅವಳಿಗೆ ಎರಡು ಕೆಲಸ ಉಳಿದವು, ಹಾಸಿಗೆ ಹಿಡಿದ ತಾಯಿ ಮತ್ತು ಚರ್ಚಿನ ಹೂವು. ಯಾವ ಭಾನುವಾರ ಯಾರು ಹೂ ಜೋಡಿಸಬೇಕು ಎಂಬ ಸರದಿ ಪಟ್ಟಿಯನ್ನು ಅವಳೇ ಬರೆದು ಚರ್ಚಿನ ಬಾಗಿಲ ಬಳಿ ಅಂಟಿಸುತ್ತಿದ್ದಳು. ಲಿಲ್ಲಿ ಹೂವಿನ ಒಳಗಿನ ಕಂದು ಪುಡಿಯ ಎಳೆಗಳನ್ನು ಉಗುರು ಕತ್ತರಿಯಿಂದ ಒಂದೊಂದಾಗಿ ತೆಗೆಯುವುದನ್ನು ನಮಗೆಲ್ಲ ಕಲಿಸಿದವಳೂ ಅವಳೇ. ಆ ಪುಡಿ ಬಿಳಿ ಬಟ್ಟೆಯ ಮೇಲೆ ಬಿದ್ದರೆ ಏಳು ಸಲ ಒಗೆದರೂ ಹೋಗುವುದಿಲ್ಲ.

ತಾಯಿ ಅಡಾ ಒಂಬತ್ತು ವರ್ಷ ಮಲಗಿದ್ದಳು. ತಲೆದಿಂಬಿನ ಪಕ್ಕದಲ್ಲಿ ಒಂದು ಹಿತ್ತಾಳೆ ಗಂಟೆ. ಅದನ್ನು ಬಾರಿಸಿದಾಗಲೆಲ್ಲ ಮ್ಯೂರಿಯಲ್ ಮೆಟ್ಟಿಲು ಹತ್ತಬೇಕು. "ಒಳ್ಳೆ ಹುಡುಗಿ, ಆದ್ರೆ ಬಲು ನಿಧಾನ" ಎಂದು ಅರವತ್ತೆರಡರ ಮಗಳ ಬಗ್ಗೆ ಬಂದವರ ಹತ್ತಿರವೆಲ್ಲ ಹೇಳುತ್ತಿದ್ದಳು. ಮಗಳು ನಗುತ್ತಿದ್ದಳು. ಆ ನಗು ಎಷ್ಟು ದಣಿದದ್ದು ಎಂದು ನಾನು ನೋಡುತ್ತಿದ್ದೆ, ದೇವರೂ ನೋಡುತ್ತಿದ್ದ.

ಅಡಾ ಸತ್ತ ಮೂರು ವಾರಕ್ಕೆ ಕ್ಲಾರಿಸ್ ವೆಂಟ್‌ನರ್ ನಿಂಬೆ ಕೇಕು ಹಿಡಿದುಕೊಂಡು ಮ್ಯೂರಿಯಲ್ ಮನೆಗೆ ಬಂದಳು. ಕ್ಲಾರಿಸ್ ಲಂಡನ್ನಿನಿಂದ ಬಂದು ಹಳೇ ಗಿರಣಿಯ ಮನೆ ಕೊಂಡವಳು. ಹಳ್ಳಿಯಲ್ಲಿ ನಡೆಯುವ ಕೊಲೆಗಳ ಕಾದಂಬರಿ ಬರೆಯುತ್ತಾಳೆ. ಚಹದ ಮೇಜು, ಗುಲಾಬಿ ತೋಟ, ಒಂದು ಹೆಣ, ಕೊನೆಗೆ ಎಲ್ಲರನ್ನೂ ಒಂದು ಕೋಣೆಗೆ ಕರೆದು ಕೊಲೆಗಾರ ಯಾರೆಂದು ಹೇಳುವ ಒಬ್ಬ ನಿವೃತ್ತ ಮೇಷ್ಟ್ರಮ್ಮ. ನಾವೆಲ್ಲ ಓದುತ್ತಿದ್ದೆವು. ಚಳಿಗಾಲದಲ್ಲಿ ಅದಕ್ಕಿಂತ ಬೆಚ್ಚಗಿನ ಓದು ಬೇರೆ ಯಾವುದಿದೆ?

ಅಂತ್ಯಕ್ರಿಯೆಗೆ ಬಂದವರೆಲ್ಲ ಅಡಾಳ ಬಗ್ಗೆಯೇ ಕೇಳಿದ್ದರು. ಮ್ಯೂರಿಯಲ್‌ಳನ್ನು "ನೀವು ಹೇಗಿದ್ದೀರಿ?" ಎಂದು ಕೇಳಿದ ಮೊದಲನೆಯವಳು ಕ್ಲಾರಿಸ್. ಕೇಳಿ ಸುಮ್ಮನೆ ಕಾದಳು. ಮೂವತ್ತೊಂದು ವರ್ಷ ಬಾಯಿ ಬಿಡದವಳು ಅವತ್ತು ಬಿಟ್ಟಳು.

"ಬೆಳಿಗ್ಗೆ ಟೀ ತಗೊಂಡು ಹೋಗುವಾಗ ಏಳನೇ ಮೆಟ್ಟಿಲ ಮೇಲೆ ನಿಂತು ಆಲಿಸ್ತಿದ್ದೆ. ಉಸಿರು ಕೇಳಿಸಿದ್ರೆ ಬೇಜಾರಾಗ್ತಿತ್ತು. ಆಮೇಲೆ ನಾಚಿಕೆ ಆಗ್ತಿತ್ತು. ಡಾಕ್ಟ್ರು ಬೇಡ ಅಂದಿದ್ರೂ ಅವತ್ತಿನ ಟೀಗೆ ಇನ್ನೊಂದು ಚಮಚ ಸಕ್ಕರೆ ಹಾಕ್ತಿದ್ದೆ."

ಕ್ಲಾರಿಸ್ ಅವಳ ಕೈ ಹಿಡಿದುಕೊಂಡಳಂತೆ. ಕಣ್ಣಲ್ಲಿ ನೀರೂ ಬಂತಂತೆ. ಆ ನೀರು ಸುಳ್ಳೆಂದು ನಾನು ಇವತ್ತಿಗೂ ಹೇಳಲಾರೆ.

ಮುಂದಿನ ವರ್ಷದ ಕಾದಂಬರಿಯಲ್ಲಿ ಅಂಚೆ ಕಚೇರಿಯಲ್ಲಿದ್ದ ಒಬ್ಬ ಅವಿವಾಹಿತೆ ಇದ್ದಳು. ಹಾಸಿಗೆ ಹಿಡಿದ ತಾಯಿ, ಹಿತ್ತಾಳೆ ಗಂಟೆ, "ಒಳ್ಳೆ ಹುಡುಗಿ, ಆದ್ರೆ ಬಲು ನಿಧಾನ", ಎಲ್ಲ ಇದ್ದವು. ತೋಟದ ಬೇಲಿಯಲ್ಲಿ ಬೆಳೆಯುವ ಫಾಕ್ಸ್‌ಗ್ಲವ್ ಗಿಡದ ವಿಷದ ಎಲೆಯನ್ನು ತಾಯಿಯ ಟೀಯಲ್ಲಿ ಕುದಿಸಿ ಕೊಟ್ಟವಳು ಅವಳೇ. ಇನ್ನೂರಹನ್ನೆರಡನೇ ಪುಟದಲ್ಲಿ ಸಿಕ್ಕಿಬಿದ್ದಾಗ ಅವಳು ಹೇಳುತ್ತಾಳೆ: "ಏಳನೇ ಮೆಟ್ಟಿಲ ಮೇಲೆ ನಿಂತು ಆಲಿಸ್ತಿದ್ದೆ. ಉಸಿರು ಕೇಳಿಸಿದ್ರೆ ಬೇಜಾರಾಗ್ತಿತ್ತು." ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ.

ಓದಿದ ದಿನ ನಾನು ಮ್ಯೂರಿಯಲ್ ಮನೆಗೆ ಹೋದೆ. ಅವಳು ಚರ್ಚಿನ ಬಿಳಿ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಪುಸ್ತಕ ಮೇಜಿನ ಮೇಲಿತ್ತು.

"ಓದಿದ್ಯಾ?" ಅಂದಳು.

"ಓದ್ದೆ."

"ಅರ್ಧ ತಗೊಂಡಿದ್ದಾಳೆ." ಇಸ್ತ್ರಿ ಪೆಟ್ಟಿಗೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಯಿತು. "ನಾಚಿಕೆ ಎಲ್ಲಿ ಹೋಯ್ತು? ಸಕ್ಕರೆ ಎಲ್ಲಿ ಹೋಯ್ತು? ಸಕ್ಕರೆ ಇದ್ದ ಜಾಗಕ್ಕೆ ವಿಷ ಹಾಕಿದ್ದಾಳೆ ಕಣೇ."

"ಹೋಗಿ ಕೇಳೋಣ್ವಾ?"

"ಕೇಳಿದ್ರೆ ಇದು ನಂದೇ ಅಂತ ಒಪ್ಕೊಂಡ ಹಾಗಲ್ವಾ? ಬೇಡ. ನಾನು ಕಾಯ್ತೀನಿ. ಆ ಮಾತು ನನಗೆ ವಾಪಸ್ ಬೇಕು."

ಆಮೇಲೆ ಆ ಕಾದಂಬರಿ ಟಿವಿಯಲ್ಲಿ ಬಂತು. ಬಸ್ಸುಗಳಲ್ಲಿ ಜನ ಬಂದು ನಮ್ಮ ಹಳ್ಳಿ ನೋಡತೊಡಗಿದರು. ಮ್ಯೂರಿಯಲ್ ಮನೆಯ ಗೇಟಿನ ಮುಂದೆ ನಿಂತು, "ಇದೇನಾ ಆ ಕೊಲೆಗಾತಿ ಮನೆ?" ಎಂದು ಅವಳನ್ನೇ ಕೇಳುತ್ತಿದ್ದರು. ಅವಳು ಅಂಚೆ ಕಚೇರಿಯ ದನಿಯಲ್ಲಿ, "ಅದು ಕಥೆ. ಬಸ್ ನಿಲ್ದಾಣ ಎಡಗಡೆ" ಎನ್ನುತ್ತಿದ್ದಳು. ಹೊರಗಿನವರದ್ದು ಹೋಗಲಿ. ಬೇಸಿಗೆಯ ಸಂತೋಷಕೂಟದಲ್ಲಿ ಪಬ್ಬಿನ ಡೆಸ್ಮಂಡ್ ಪಾಲ್‌ಫ್ರೀ ಅವಳ ಕೈಯಿಂದ ಟೀ ಕಪ್ಪು ತೆಗೆದುಕೊಳ್ಳುತ್ತ, "ಮೊದ್ಲು ಪಾದ್ರಿಗಳು ಕುಡೀಲಿ. ಅವರು ಸ್ವರ್ಗಕ್ಕೆ ಹೋಗೋರು ಹೇಗೂ!" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದನ್ನು ಇಲ್ಲಿ ಬರೆಯದಿದ್ದರೆ ನನ್ನ ಪ್ರಾರ್ಥನೆಗೆ ಬೆಲೆಯಿಲ್ಲ. ಆ ತಮಾಷೆ ಆರು ವರ್ಷ ಬಾಳಿತು. ಮ್ಯೂರಿಯಲ್ ಮಾಡಿದ ಪ್ಲಮ್ ಜಾಮಿನ ಶೀಷೆಗಳು ಚರ್ಚಿನ ಮಾರಾಟದ ಮೇಜಿನ ಮೇಲೆ ಕೊನೆಯವರೆಗೂ ಉಳಿಯುತ್ತಿದ್ದವು. ಅವಳು ಅವನ್ನು ಬುಟ್ಟಿಗೆ ತುಂಬಿಕೊಂಡು ವಾಪಸು ಹೊರಡುತ್ತಿದ್ದಳು. ಕ್ಲಾರಿಸ್ ಎದುರು ಬಂದರೆ, "ಗಾಳಿ ಜಾಸ್ತಿ ಅಲ್ವಾ?" "ಹೌದು, ಜಾಸ್ತಿ." ಅಷ್ಟೇ. ನಮ್ಮೂರಿನಲ್ಲಿ ದ್ವೇಷವೂ ಹವಾಮಾನದ ಮಾತಾಡಿಕೊಂಡೇ ಇರುತ್ತದೆ.

ಏಳನೆಯ ವರ್ಷದ ಅಕ್ಟೋಬರಿನಲ್ಲಿ ಕ್ಲಾರಿಸ್ ಚರ್ಚಿನ ಹಿಂಬದಿ ಕೋಣೆಗೆ ಬಂದಳು. ಕೈಯಲ್ಲಿ ದಪ್ಪ ಹಾಳೆಗಳ ಕಟ್ಟು. ನಾವಿಬ್ಬರೂ ಹೂದಾನಿ ತೊಳೆಯುತ್ತಿದ್ದೆವು.

"ಮಿಸ್ ಟ್ಯಾಪ್‌ಸ್ಕಾಟ್, ನೀವೇ ಕಾಪಾಡ್ಬೇಕು. ಈ ಸಲ ಕೊಲೆ ಚರ್ಚಲ್ಲೇ. ನೀವು ಎಲ್ಲರಿಗೂ ಕಲಿಸ್ತೀರಲ್ಲ, ಲಿಲ್ಲಿ ಎಳೆ ಕತ್ತರಿಸೋದು, ಕಥೆಯೆಲ್ಲ ಅದ್ರ ಮೇಲೇ ನಿಂತಿದೆ. ನಾನೋ ಕ್ರಿಸ್ಮಸ್ ಹಾಡಿಗೆ ಮಾತ್ರ ಬರೋಳು. ತಪ್ಪೇನಾದ್ರೂ ಇದ್ರೆ ತಿದ್ದಿಕೊಡಿ. ಪುಸ್ತಕದ ಮೊದಲ ಪುಟದಲ್ಲೇ ನಿಮ್ಮ ಹೆಸರು ಹಾಕ್ತೀನಿ."

"ಅದೆಲ್ಲ ಯಾಕೆ?" ಅಂದಳು ಮ್ಯೂರಿಯಲ್. ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಕಟ್ಟು ತೆಗೆದುಕೊಂಡಳು.

ಹತ್ತು ದಿನ ಬಿಟ್ಟು ತಿದ್ದಿಕೊಟ್ಟಳು. ಹಸಿರು ಪೆನ್ಸಿಲಿನಲ್ಲಿ ಹದಿನೇಳು ತಿದ್ದುಪಡಿ. ಮಂಡಿಯೂರುವ ದಿಂಬಿನ ಸರಿಯಾದ ಹೆಸರು, ಗಂಟೆ ಬಾರಿಸುವವರು ನಿಲ್ಲುವ ಕ್ರಮ, ಯಾವ ಬಾಗಿಲಿನಿಂದ ಪಾದ್ರಿ ಒಳಬರುತ್ತಾರೆ. ಒಂದೊಂದೂ ಸರಿ. ಕ್ಲಾರಿಸ್ ಅವಳ ಕೆನ್ನೆಗೆ ಮುತ್ತಿಟ್ಟಳು.

ಮುಂದಿನ ಶುಕ್ರವಾರ ನಾವಿಬ್ಬರೂ ಹಿತ್ತಾಳೆ ದೀಪಸ್ತಂಭ ಉಜ್ಜುತ್ತಿದ್ದಾಗ ಮ್ಯೂರಿಯಲ್ ಕಥೆ ಹೇಳಿದಳು. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಮೂರನೇ ಭಾನುವಾರ ಕೊಲೆ ನಡೆಯುತ್ತದೆ. ಸಾಯುವವನು ತಪಸ್ಸುಕಾಲಕ್ಕೆಂದು ಸಿಹಿ ಬಿಟ್ಟಿರುತ್ತಾನೆ, ಹಾಗಾಗಿ ವಿಷದ ಚಾಕಲೇಟು ಅವನು ಮುಟ್ಟುವುದಿಲ್ಲ. ಕೊನೆಗೆ ಹೂ ಕತ್ತರಿಯಿಂದ ಇರಿಯಬೇಕಾಗುತ್ತದೆ. ಕತ್ತರಿಯನ್ನು ಬಲಿಪೀಠದ ಪಕ್ಕದ ದೊಡ್ಡ ಹೂದಾನಿಯಲ್ಲಿ ಲಿಲ್ಲಿಗಳ ನಡುವೆ ಅಡಗಿಸುತ್ತಾರೆ. ಎಳೆ ಕತ್ತರಿಸದೆ ಉಳಿದ ಒಂದು ಹೂವಿನ ಕಂದು ಪುಡಿ ಆರ್ಗನ್ ನುಡಿಸುವವನ ತೋಳಿಗೆ ಹತ್ತಿರುತ್ತದೆ, ಅದರಿಂದಲೇ ಅವನು ಸಿಕ್ಕಿಬೀಳುತ್ತಾನೆ.

ನನ್ನ ಕೈಯಲ್ಲಿದ್ದ ಬಟ್ಟೆ ನಿಂತಿತು. "ತಪಸ್ಸುಕಾಲದಲ್ಲಿ ಲಿಲ್ಲಿನಾ?"

"ಹ್ಞೂಂ."

"ಆ ನಲವತ್ತು ದಿನ ಚರ್ಚೊಳಗೆ ಒಂದು ಹೂವೂ ಇಡಲ್ವಲ್ಲೇ!"

"ಇಡಲ್ಲ."

"ಹೂವೇ ಇಲ್ದಿದ್ರೆ ಕತ್ತರಿ ಎಲ್ಲಿ ಅಡಗಿಸ್ತಾರೆ? ಕೊಲೆನೇ ನಡೆಯಲ್ಲ."

"ನಡೆಯಲ್ಲ ಅಲ್ವಾ?" ಅಂದಳು ಮ್ಯೂರಿಯಲ್. ದೀಪಸ್ತಂಭದಲ್ಲಿ ತನ್ನ ಮುಖ ನೋಡಿಕೊಂಡು ಮತ್ತೆ ಉಜ್ಜಿದಳು. ಆರು ವರ್ಷದಲ್ಲಿ ಅವಳ ಮುಖದಲ್ಲಿ ಅಂಥ ಹೊಳಪು ನಾನು ಕಂಡಿರಲಿಲ್ಲ.

"ನೀನು ಹೇಳ್ಬೇಕಿತ್ತು."

"ನಾನು ಏನು ಸುಳ್ಳು ಹೇಳ್ದೆ ಹೇಳು? ಹದಿನೇಳು ತಿದ್ದಿದೀನಿ."

ಪ್ರತಿ ಭಾನುವಾರ ನಾವೆಲ್ಲ ಒಟ್ಟಿಗೆ ಮಂಡಿಯೂರಿ ಕ್ಷಮೆ ಬೇಡುವುದು ಮಾಡಿದ ಪಾಪಕ್ಕೆ ಮಾತ್ರವಲ್ಲ, ಮಾಡಬೇಕಾದದ್ದನ್ನು ಮಾಡದೆ ಉಳಿದದ್ದಕ್ಕೂ. ಅದನ್ನು ಅವಳಿಗೆ ನೆನಪಿಸಬೇಕೆಂದು ಬಾಯಿ ತೆರೆದೆ. ಸಂತೋಷಕೂಟದ ದಿನ ನಾನು ನಕ್ಕಿದ್ದು ನೆನಪಾಯಿತು. ಬಾಯಿ ಮುಚ್ಚಿದೆ. ನಾನೇ ಹೋಗಿ ಕ್ಲಾರಿಸ್‌ಗೆ ಹೇಳಬಹುದಿತ್ತು. ಹೋಗಲಿಲ್ಲ.

ಪುಸ್ತಕ ಮೇ ತಿಂಗಳಲ್ಲಿ ಬಂತು. ಊರ ಸಭಾಂಗಣದಲ್ಲಿ ಬಿಡುಗಡೆ. ಕೊಲೆಯ ಕಥೆಗಳನ್ನು ಇಂಗ್ಲೆಂಡಿನಲ್ಲಿ ಯಾರು ಓದುತ್ತಾರೆ? ಚರ್ಚಿಗೆ ಹೂ ಜೋಡಿಸುವವರೇ ಓದುತ್ತಾರೆ. ಸುತ್ತಿನ ಎಂಟು ಹಳ್ಳಿಗಳಿಂದ ಅವರೆಲ್ಲ ಬಂದಿದ್ದರು, ಹಲವರ ಕೈಯಲ್ಲಿ ಆಗಲೇ ಓದಿ ಮುಗಿಸಿದ ಪುಸ್ತಕ. ಕ್ಲಾರಿಸ್ ನೀಲಿ ರೇಷ್ಮೆ ತೊಟ್ಟಿದ್ದಳು. ಓದಿದಳು, ನಗಿಸಿದಳು, ಪ್ರಶ್ನೆ ಕೇಳಿ ಎಂದಳು.

ಪಕ್ಕದ ಅಪ್ಪರ್ ವಿಕ್ ಹಳ್ಳಿಯ ಮಿಸೆಸ್ ಹ್ಯಾಡೊ ಎದ್ದಳು. ಎಂಬತ್ತರ ಮುದುಕಿ. "ಒಂದು ಸಣ್ಣ ವಿಷಯ ಕಣಮ್ಮ. ತಪಸ್ಸುಕಾಲದ ಮೂರನೇ ಭಾನುವಾರ ಲಿಲ್ಲಿ ಇಡೋ ಚರ್ಚು ಎಲ್ಲಿದೆ? ಹೇಳಿದ್ರೆ ನಮ್ಮ ಪಾದ್ರಿಗಳನ್ನ ಅಲ್ಲಿಗೇ ವರ್ಗ ಮಾಡಿಸ್ತೀವಿ."

ಮೊದಲು ಮುಂದಿನ ಸಾಲು ನಕ್ಕಿತು, ಆಮೇಲೆ ಸಭೆಯೆಲ್ಲ. ಇನ್ನೊಬ್ಬಳು, "ನಾನು ಮೂವತ್ತನೇ ಪುಟದಲ್ಲೇ ಪುಸ್ತಕ ಮುಚ್ಚಿದೆ" ಅಂದಳು. ಮತ್ತೊಬ್ಬಳು, "ನಾನು ಪ್ರಕಾಶಕರಿಗೆ ಕಾಗದ ಹಾಕಿದೀನಿ" ಅಂದಳು. ಕ್ಲಾರಿಸ್‌ಗೆ ಏನಾಗುತ್ತಿದೆ ಎಂದೇ ತಿಳಿಯಲಿಲ್ಲ. ಪಾದ್ರಿಗಳು ಬಗ್ಗಿ ಅವಳ ಕಿವಿಯಲ್ಲಿ ಹೇಳಿದರು. ಅವಳ ಕತ್ತು ಕೆಂಪಾಯಿತು. ಪುಸ್ತಕದ ಮೊದಲ ಪುಟ ತೆರೆದು ಮೇಲೆತ್ತಿ ಹಿಡಿದಳು.

"ನೋಡಿ, ಇಲ್ಲೇ ಅಚ್ಚಾಗಿದೆ. ಚರ್ಚಿನ ವಿವರಗಳನ್ನೆಲ್ಲ ಪರಿಶೀಲಿಸಿದವರು ಮಿಸ್ ಮ್ಯೂರಿಯಲ್ ಟ್ಯಾಪ್‌ಸ್ಕಾಟ್. ತಪ್ಪು ಅವರ ಕಣ್ಣು ತಪ್ಪಿಸಿರ್ಬೇಕು ಪಾಪ, ವಯಸ್ಸಾಯ್ತು."

ಎಲ್ಲ ತಲೆಗಳೂ ತಿರುಗಿದವು. ಎಂಟು ಹಳ್ಳಿಯ ಹೂವಿನ ಹೆಂಗಸರು ಮ್ಯೂರಿಯಲ್‌ಳನ್ನು ನೋಡಿದರು. ಕೊಲೆಗಾತಿ ಅಂದರೆ ತಮಾಷೆಯಾದರೂ ಆಗಿತ್ತು. ತಪಸ್ಸುಕಾಲ ಗೊತ್ತಿಲ್ಲದವಳು ಅಂದರೆ ಅವಳಿಗೆ ಉಳಿದಿದ್ದ ಒಂದೇ ಮರ್ಯಾದೆಯೂ ಹೋದಂತೆ. ಸುಮ್ಮನಿದ್ದರೆ ದಡ್ಡಿ, ಬಾಯಿ ಬಿಟ್ಟರೆ ಬೇಕೆಂದೇ ಮಾಡಿದವಳು. ನಾನು ಅವಳ ಮೊಣಕೈ ಹಿಡಿದೆ. ಅವಳು ಬಿಡಿಸಿಕೊಂಡು ಎದ್ದಳು.

"ಕಣ್ಣು ತಪ್ಪಲಿಲ್ಲ. ನಾನು ನೋಡ್ದೆ. ನೋಡಿ ಬಿಟ್ಟೆ."

ದನಿ ಎತ್ತಿಯೇ ಹೇಳಿದಳು. ಹಿಂದಿನ ಸಾಲಿಗೂ ಕೇಳಿಸಿತು.

"ನನ್ನಮ್ಮ ಸತ್ತ ಮೂರು ವಾರಕ್ಕೆ ಇವರು ನನ್ನ ಅಡುಗೆಮನೇಲಿ ಕೂತು ನನ್ನ ಮಾತು ಕೇಳಿದ್ರು. ಏಳನೇ ಮೆಟ್ಟಿಲ ಮೇಲೆ ನಿಂತು ಆಲಿಸ್ತಿದ್ದೆ, ಉಸಿರು ಕೇಳಿಸಿದ್ರೆ ಬೇಜಾರಾಗ್ತಿತ್ತು ಅಂದೆ. ನೀವೆಲ್ಲ ಓದಿದೀರಿ ಅದನ್ನ. ಆಮೇಲೆ ನಾಚಿಕೆಯಾಗಿ ಸಕ್ಕರೆ ಜಾಸ್ತಿ ಹಾಕ್ತಿದ್ದೆ ಅಂತಲೂ ಅಂದೆ. ಅದನ್ನ ಇವರು ಬಿಟ್ರು. ನಾನೂ ಒಂದು ಬಿಟ್ಟೆ."

ಕೂತಳು. ಡೆಸ್ಮಂಡ್, "ಹಾಗಾದ್ರೆ ಟೀ..." ಎಂದು ಏನೋ ಶುರು ಮಾಡಿದ. ಮಿಸೆಸ್ ಹ್ಯಾಡೊ ಅವನ ಕಡೆ ತಿರುಗಿ, "ನೀನು ಸುಮ್ನಿರೋ" ಅಂದಳು. ಹೊರಗೆ ಹೋಗುವಾಗ ಅವಳು ಮ್ಯೂರಿಯಲ್ ಮುಂದೆ ನಿಂತು, "ನಂದು ಹನ್ನೊಂದು ವರ್ಷ ಕಣೇ. ಅತ್ತೆ" ಎಂದಷ್ಟೇ ಹೇಳಿ ಕೋಲೂರಿಕೊಂಡು ಹೋದಳು.

ಆ ವಾರ ಪಾದ್ರಿಗಳು ಮ್ಯೂರಿಯಲ್ ಮನೆಗೆ ಹೋದರು. ಸುಮಾರು ಏಳು ವರ್ಷದಿಂದ ಭಾನುವಾರದ ಪ್ರಭುಭೋಜನದ ರೊಟ್ಟಿ ಪಡೆಯಲು ಅವಳು ಎದ್ದು ಹೋಗದೆ ಬೆಂಚಿನಲ್ಲೇ ಕೂರುತ್ತಿದ್ದಳು. ಮಂಡಿನೋವು ಎಂದು ನಾವು ತಿಳಿದಿದ್ದೆವು. ಮನಸ್ಸಿನಲ್ಲಿ ಹಗೆಯಿಟ್ಟುಕೊಂಡು ಆ ರೊಟ್ಟಿ ಮುಟ್ಟಬಾರದು ಎಂದು ಅವಳೇ ದೂರ ಉಳಿದಿದ್ದಳೆಂದು ಪಾದ್ರಿಗಳಿಗೆ ಅವತ್ತು ತಿಳಿಯಿತು.

"ಈಗಲಾದ್ರೂ ಪಶ್ಚಾತ್ತಾಪ ಪಡಬಹುದಲ್ವಾ ಮ್ಯೂರಿಯಲ್?" ಅಂದರಂತೆ.

"ಕಾಯ್ತಿದೀನಿ ಫಾದರ್. ಇನ್ನೂ ಬಂದಿಲ್ಲ."

ಜೂನ್ ಮೊದಲ ವಾರ ಕ್ಲಾರಿಸ್ ಬಂದಳು. ನಾನು ಮ್ಯೂರಿಯಲ್ ಅಡುಗೆಮನೆಯಲ್ಲಿ ನೆಲ್ಲಿಯಂಥ ಗೂಸ್‌ಬೆರಿ ಹಣ್ಣುಗಳ ತೊಟ್ಟು ಬಿಡಿಸುತ್ತಿದ್ದೆ. ಎದ್ದು ಹೋಗಲು ನೋಡಿದೆ. "ಕೂತ್ಕೋ" ಅಂದಳು ಮ್ಯೂರಿಯಲ್. ಕ್ಲಾರಿಸ್ ಮುಂದೆ ಟೀ ಇಟ್ಟಳು. ಕ್ಲಾರಿಸ್ ಕಪ್ಪನ್ನು ನೋಡಿದಳು.

"ಕುಡೀರಿ. ವಿಷದ ಎಲೆ ಹಾಕಿಲ್ಲ."

"ಇನ್ನೂರು ಜನರ ಮುಂದೆ ನನ್ನ ಮಾನ ಕಳೆದ್ರಿ."

"ನನ್ನದು ಎಷ್ಟು ಜನರ ಮುಂದೆ ಹೋಯ್ತು? ಟಿವಿ ಲೆಕ್ಕ ನಿಮಗೇ ಗೊತ್ತು."

ಕ್ಲಾರಿಸ್ ಕಪ್ಪನ್ನು ಕೈಯಲ್ಲಿ ತಿರುಗಿಸಿದಳು. ಕಣ್ಣ ಕೆಳಗೆ ಕಪ್ಪಾಗಿತ್ತು. ಪ್ರಕಾಶಕರಿಗೆ ಮುನ್ನೂರಕ್ಕೂ ಮಿಕ್ಕಿ ಕಾಗದ ಬಂದಿವೆಯಂತೆ. ಎರಡನೇ ಮುದ್ರಣ ನಿಲ್ಲಿಸಿದ್ದಾರಂತೆ. ತಪಸ್ಸುಕಾಲ ತೆಗೆದರೆ ಚಾಕಲೇಟು ಹೋಗುತ್ತದೆ, ಹೂ ತೆಗೆದರೆ ಕತ್ತರಿ ಹೋಗುತ್ತದೆ.

"ಎಲ್ಲ ಹೊಸದಾಗಿ ಬರೀಬೇಕು ಅಂತಾರೆ. ನನ್ನ ಕೈಲಿ ಆಗಲ್ಲ. ಏನಾದ್ರೂ ದಾರಿ ಇದ್ಯಾ?"

"ಇದೆ. ಒಂದೇ ಪದ ಬದಲಾಯಿಸಿದ್ರೆ ಸಾಕು."

"ಒಂದೇ ಪದಾನಾ? ಯಾವುದು?"

"ಮೊದ್ಲು ನನ್ನ ಮಾತು ವಾಪಸ್ ಕೊಡಿ. ಇನ್ನೂರಹನ್ನೆರಡನೇ ಪುಟದ್ದು. ಇನ್ಮೇಲೆ ಬರೋ ಯಾವ ಮುದ್ರಣದಲ್ಲೂ ಅದು ಇರಬಾರದು."

"ಮ್ಯೂರಿಯಲ್, ಅದು ಆ ಪುಸ್ತಕದ ಜೀವ! ಜನ ಅದನ್ನ ಬಾಯಿಪಾಠ ಹೇಳ್ತಾರೆ."

"ಗೊತ್ತು. ನನ್ನ ಗೇಟಿನ ಮುಂದೆ ಹೇಳ್ತಾರೆ."

"ಅದ್ರ ಜಾಗಕ್ಕೆ ನಾನೇನು ಬರೀಲಿ?"

"ನೀವು ಲೇಖಕಿ. ನಿಮ್ಮದೇ ಏನಾದ್ರೂ ಬರೀರಿ."

ನಾನು ತಲೆಯೆತ್ತಲಿಲ್ಲ. ತೊಟ್ಟು ಬಿಡಿಸುತ್ತಲೇ ಇದ್ದೆ. ಕ್ಲಾರಿಸ್ ಟೀ ಮುಗಿಸಿದಳು, ಚೀಲದಿಂದ ಕಾಗದ ತೆಗೆದು ಬರೆದುಕೊಟ್ಟಳು. ಪ್ರಕಾಶಕರಿಗೆ ಅಲ್ಲಿಂದಲೇ ಫೋನು ಮಾಡಿ ಹೇಳಿದಳು. ಮ್ಯೂರಿಯಲ್ ಅವಳ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಆಮೇಲೆ ಹೇಳಿದಳು.

"ಮೂರನೇ ಭಾನುವಾರ ಅಂತ ಇರೋದನ್ನ ನಾಲ್ಕನೇದು ಮಾಡಿ. ತಪಸ್ಸುಕಾಲದಲ್ಲಿ ಚರ್ಚಿಗೆ ಹೂ ತರೋದು ಅದೊಂದು ದಿನ ಮಾತ್ರ."

"ಯಾಕೆ ಅವತ್ತು?"

"ತಾಯಂದಿರ ಭಾನುವಾರ. ಅವತ್ತು ಎಲ್ಲರೂ ಅಮ್ಮನಿಗೆ ಹೂ ಕೊಡ್ತಾರೆ."

ಕ್ಲಾರಿಸ್ ಮುಖದ ಬಣ್ಣ ಇಳಿಯಿತು. ಬಾಗಿಲ ಹತ್ತಿರ ಹೋಗಿ ತಿರುಗಿದಳು. "ಹಾಗಾದ್ರೆ ನಮ್ಮಿಬ್ಬರ ನಡುವೆ ಇದು ಮುಗೀತಾ?"

"ಇಲ್ಲ" ಅಂದಳು ಮ್ಯೂರಿಯಲ್. "ಗಾಳಿ ಜಾಸ್ತಿ ಇದೆ, ಗೇಟು ಸರಿಯಾಗಿ ಹಾಕ್ಕೊಂಡು ಹೋಗಿ."

ಹಳೇ ಪುಸ್ತಕದ ಹೊಸ ಮುದ್ರಣ ಬಂದಾಗ ನಾವಿಬ್ಬರೂ ಪಟ್ಟಣದ ಅಂಗಡಿಗೆ ಹೋಗಿ ಅಲ್ಲೇ ನಿಂತು ಓದಿದೆವು. ಆ ಸಾಲಿನ ಜಾಗದಲ್ಲಿ, "ನನ್ನ ಹೃದಯ ಕಲ್ಲಾಗಿತ್ತು, ಇನ್ಸ್‌ಪೆಕ್ಟರ್" ಎಂದಿತ್ತು. ಮ್ಯೂರಿಯಲ್ ಎರಡು ಸಲ ಓದಿದಳು. ಅಂಗಡಿಯವನು ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು.

ಆದರೆ ಮಾರಿಹೋದ ಪ್ರತಿಗಳು ಊರೂರಿನಲ್ಲಿವೆ. ಈಗ ಮ್ಯೂರಿಯಲ್‌ಗೆ ಎಪ್ಪತ್ತೆಂಟು. ಎಲ್ಲಿ ಹಳೇ ಸಾಮಾನಿನ ಮಾರಾಟವಿದ್ದರೂ ಬಾಗಿಲು ತೆರೆಯುವ ಮೊದಲೇ ಸಾಲಿನಲ್ಲಿ ಮೊದಲಿಗಳಾಗಿ ನಿಂತಿರುತ್ತಾಳೆ. ಬಟ್ಟೆ, ಪಿಂಗಾಣಿ ಯಾವುದನ್ನೂ ನೋಡದೆ ನೇರವಾಗಿ ಪುಸ್ತಕದ ಮೇಜಿಗೆ ಹೋಗುತ್ತಾಳೆ. ಸಿಕ್ಕ ಪ್ರತಿಗಳನ್ನು ತಂದು ಒಲೆಗೆ ಹಾಕುತ್ತಾಳೆ. ಇದನ್ನು ಪಾದ್ರಿಗಳಿಗೆ ನಾನು ಹೇಳಿಲ್ಲ. ಅವಳಿಗೋಸ್ಕರ ಪ್ರಾರ್ಥನೆ ಮಾಡುತ್ತೇನೆ. ಹಗೆ ಹೋಗಲಿ ಎಂದು ಬೇಡಿಕೊಳ್ಳಲು ಕೂತರೆ, ಆ ಪುಸ್ತಕಗಳು ಬೇಗ ಸಿಗಲಿ ಎಂದು ಬೇಡಿಕೊಂಡು ಏಳುತ್ತೇನೆ.

ಕಳೆದ ಜನವರಿಯಲ್ಲಿ ನನ್ನ ಕಪಾಟಿನಲ್ಲಿದ್ದ ಪ್ರತಿಯನ್ನೂ ಅವಳ ಮನೆಗೆ ಒಯ್ದು ಕೊಟ್ಟೆ. ಅಷ್ಟು ವರ್ಷ ಯಾಕೆ ಇಟ್ಟುಕೊಂಡಿದ್ದೆ ಎಂದು ಅವಳು ಕೇಳಲಿಲ್ಲ. ಒಲೆಯ ಬಾಗಿಲು ತೆರೆದು, ಹಾಕುವ ಮೊದಲು ಪುಟ ತಿರುವಿದಳು. ಇನ್ನೂರಹನ್ನೆರಡನೇ ಪುಟ ತಾನೇ ತೆರೆದುಕೊಂಡಿತು. ಆ ಸಾಲಿನ ಕೆಳಗೆ ನಾನು ಎಳೆದ ಪೆನ್ಸಿಲ್ ಗೆರೆಯಿತ್ತು. ಮೊದಲ ಸಲ ಓದಿದಾಗ, ಅದು ಅವಳದ್ದೆಂದು ಹೊಳೆಯುವ ಮೊದಲೇ ಎಳೆದದ್ದು.

ನನ್ನ ಮುಖಕ್ಕೆ ರಕ್ತ ನುಗ್ಗಿತು. ಮ್ಯೂರಿಯಲ್ ಕನ್ನಡಕ ಸರಿಮಾಡಿಕೊಂಡು ಗೆರೆಯ ಮೇಲೆ ಬೆರಳಾಡಿಸಿದಳು.

"ಒಳ್ಳೆ ಸಾಲು ಅಲ್ವೇನೇ?" ಅಂದಳು.

"ಹೌದು."

"ಅವಳ ಕೈಲಿ ಇಂಥದ್ದು ಇನ್ನೊಂದು ಬರಲಿಲ್ಲ ನೋಡು" ಎಂದು ಪುಸ್ತಕವನ್ನು ಬೆಂಕಿಗೆ ಹಾಕಿ, ಅದು ಚೆನ್ನಾಗಿ ಹತ್ತಿಕೊಳ್ಳುವವರೆಗೆ ಸಲಾಕೆಯಿಂದ ಒತ್ತಿ ಹಿಡಿದಳು.